ಬಾಗಿನದ ತೆಪ್ಪ

ಕಾವ್ಯಕ್ಕ,

ಔಷಧಿ ಹೊಡೆಯುವ ಪಂಪ್ ರಿಪೇರಿಗೆ ನ್ಯಾಮತಿಗೆ ಹೊರಟೆ. ನಾಲ್ಕಕ್ಕೆ ಬರುತ್ತೇನೆ. ರೊಟ್ಟಿ ತಿಂದಿಲ್ಲ, ನನಗೆ ಅಂತ ಮುಚ್ಚಿಡುವುದೂ ಬೇಡ.

ಹೊಳೆ ತುಂಬಿದಾಗ ಮನೆಯ ಬಾಗಿನವನ್ನು ತೆಪ್ಪದಲ್ಲಿ ಒಯ್ದು ನಡುನೀರಿಗೆ ಬಿಡುವವನು ನಾನು. ಶಾಲೆ ಬಿಟ್ಟ ವರ್ಷದಿಂದಲೂ ನಾನೇ. ನಿನ್ನೆ ಅಪ್ಪ ಎಲ್ಲರ ಮುಂದೆ, "ಈ ಸಲ ಅಳಿಯಂದಿರು ಬಿಡ್ಲಿ, ಓದಿದೋರು" ಅಂದ. ಹೊಳೆ ಏನು ಮಾರ್ಕ್ಸ್ ಕಾರ್ಡ್ ಕೇಳುತ್ತದಾ?

ಭಾವ ಹೊಳೆಯಿಲ್ಲದ ಸೊಕ್ಕೆ ಊರಲ್ಲಿ ಬೋರ್‌ವೆಲ್ ನೀರು ನೋಡಿ ಬೆಳೆದವರು. ಮೊನ್ನೆ ತೆಪ್ಪವನ್ನು ಎಮ್ಮೆ ಕಟ್ಟಿದ ಹಾಗೆ ಗಿಡ್ಡ ಹಗ್ಗದಲ್ಲಿ ಗೂಟಕ್ಕೆ ಬಿಗಿದಿದ್ದರು. ನೀರು ಏರಿದ್ದರೆ ಅಲ್ಲೇ ಮುಳುಗುತ್ತಿತ್ತು. ರಾತ್ರಿ ಎದ್ದು ಹೋಗಿ ಹಗ್ಗ ಉದ್ದ ಬಿಟ್ಟವನು ನಾನು. ಬೆಳಿಗ್ಗೆ ಅಪ್ಪ, "ಅಳಿಯಂದಿರು ಹೆಂಗೆ ಕಟ್ಯಾರೆ ನೋಡು" ಅಂತ ಹೊಗಳಿದ್ದು ಅವರನ್ನು.

ಮೊರಕ್ಕೆ ಬಳೆ, ಕುಪ್ಪಸದ ಕಣ ಇಟ್ಟಿರು. ಅರಿಶಿನ ತೀರಿದೆ. ಹೊನ್ನಾಳಿ ಪೇಟೆ ಬೆಳೆದು ಈಗ ನಮ್ಮ ಬಾಗಿಲ ತನಕ ಬಂದಿದೆ, ಅದನ್ನಾದರೂ ಭಾವ ತರಲಿ.

ತೆಪ್ಪದ ಹುಟ್ಟು ಹುಡುಕಬೇಡಿ. ಬೈಕಿಗೆ ಕಟ್ಟಿಕೊಂಡು ಹೋಗಿದ್ದೇನೆ.

ಭಾವನಿಗೆ ಈಜು ಬರುವುದಿಲ್ಲ ಅಂತ ನೀನು ಅಪ್ಪನಿಗೆ ಹೇಳಿಲ್ಲ. ನಾನೂ ಹೇಳಿಲ್ಲ. ಇವತ್ತು ಸಂಜೆ ಬಾಗಿನ ಅವರೇ ಬಿಡಲಿ. ಹುಟ್ಟು ಹಾಕುವವನು ಬರುವ ತನಕ ದಂಡೆಯ ಮೇಲೆ ಕೂತಿರಲಿ.

ಮಾಲತೇಶ