ಸಾಬವ್ವ ಹೇಳಿದ್ದು

ಧನಕವಡಿ, ಪುಣೆ
೧೮ ನವೆಂಬರ್ ೨೦೨೪

ಪ್ರೀತಿಯ ಅಮ್ಮ,

ನಿನ್ನ ಪ್ರಣೀತಾಳ ನಮಸ್ಕಾರ. ಫೋನು ಇರುವಾಗ ಕಾಗದವೇಕೆ ಎಂದು ನೀನು ಕೇಳುತ್ತೀಯ. ಇಂದಾಪುರದ ನಮ್ಮ ಹೋಟೆಲಿನಲ್ಲಿ ನಿನ್ನ ಫೋನು ಸದಾ ಗಲ್ಲಾಪೆಟ್ಟಿಗೆಯ ಮೇಲಿರುತ್ತದೆ. ಅಪ್ಪನೋ ಗಿರಾಕಿಗಳೋ ಪಕ್ಕದಲ್ಲಿ ಇದ್ದೇ ಇರುತ್ತಾರೆ. ಇದು ನೀನೊಬ್ಬಳೇ ಓದಬೇಕಾದದ್ದು.

ನನ್ನ ಕೆಲಸವೇನೆಂದು ನೆಂಟರು ಕೇಳಿದರೆ ಹೆಂಗಸರ ಡಾಕ್ಟರು ಎಂದಷ್ಟೇ ಹೇಳಿ ನೀನು ಮಾತು ತೇಲಿಸಿಬಿಡುತ್ತೀಯ. ಹೆರಿಗೆಯಾದ ಮೇಲೆ ಗರ್ಭಕೋಶ ಜಾರುವುದು, ಕೆಮ್ಮಿದರೆ ಮೂತ್ರ ಸೋರುವುದು, ಇವನ್ನೆಲ್ಲ ಹೆಂಗಸರು ವರ್ಷಗಟ್ಟಲೆ ಬಾಯಿಬಿಡದೆ ಸಹಿಸುತ್ತಾರೆ. ಕಟ್ಟಡ ಕೆಲಸದ ಹೆಂಗಸರಲ್ಲಿ ಎಷ್ಟು ಜನಕ್ಕೆ ಹೀಗಾಗಿದೆ ಎಂದು ತಿಳಿಯುವುದೇ ನನ್ನ ಸಂಶೋಧನೆ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಜೊತೆ ಕನ್ನಡದಲ್ಲಿ ಮಾತಾಡಬಲ್ಲವಳು ನಮ್ಮ ತಂಡದಲ್ಲಿ ನಾನೊಬ್ಬಳೇ.

ಹೋದ ಮಂಗಳವಾರ ಕಾತ್ರಜದ ಹತ್ತಿರ ಏಳುತ್ತಿರುವ ಒಂದು ಕಟ್ಟಡಕ್ಕೆ ಹೋದೆ. ಊಟದ ಹೊತ್ತು, ಎಲ್ಲರೂ ಶೆಡ್ಡುಗಳಿಗೆ ಹೋಗಿದ್ದರು. ಒಳಗೆ, ಇನ್ನೂ ಗೋಡೆಯಿಲ್ಲದ ಕೋಣೆಯಲ್ಲಿ, ಸಿಮೆಂಟ್ ಚೀಲದ ಮೇಲೆ ಒಬ್ಬಾಕೆ ಕೂತಿದ್ದಳು. ಎಡಗಿವಿಯ ಹಾಲೆ ಹರಿದಿತ್ತು. ಹೆಸರು ಸಾಬವ್ವ ಎಂದಳು. ನನಗಾಗಿಯೇ ಕಾದಿದ್ದವಳಂತೆ ಎಲ್ಲಕ್ಕೂ ಉತ್ತರ ಕೊಟ್ಟಳು. ಐದು ಹೆರಿಗೆ. ಕೊನೆಯದಾದ ಹನ್ನೊಂದನೇ ದಿನಕ್ಕೆ ಇಟ್ಟಿಗೆ ಹೊತ್ತಳಂತೆ. ಅಂದೇ ಮೈ, ಅಂದರೆ ಗರ್ಭಕೋಶ, ಹೊರಗೆ ಬಂತಂತೆ. ಬಟ್ಟೆ ಬಿಗಿದುಕೊಂಡು ಹಾಗೇ ದುಡಿದಳಂತೆ. ಗಂಡನಿಗೂ ಹೇಳಲಿಲ್ಲವಂತೆ. ಮುಟ್ಟು ಯಾವಾಗ ನಿಂತಿತು ಎಂದು ಕೇಳಿದೆ.

"ನಲವತ್ತೆರಡಕ್ಕ ಎಲ್ಲಾ ನಿಂತದರಿ," ಎಂದಳು.

ಪ್ರಶ್ನೆಗಳ ಹಾಳೆಯಲ್ಲಿ ಹಾಗೆಯೇ ಬರೆದುಕೊಂಡೆ. ಒಪ್ಪಿಗೆಗೆ ಹಾಳೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಲು ಅವಳ ಕೈ ಹಿಡಿಯಹೋದರೆ, ಮುಟ್ಟಬೇಡಿ ಎಂದು ಹಿಂದೆ ಸರಿದು ತಾನೇ ಒತ್ತಿದಳು. ಸಿಮೆಂಟಿಗೆ ಸವೆದ ಬೆರಳು, ಒಂದು ಗೆರೆಯೂ ಮೂಡಲಿಲ್ಲ. ಈ ಕೆಲಸದವರಲ್ಲಿ ಅದೇನೂ ಹೊಸದಲ್ಲ. ಪರೀಕ್ಷೆಗೆ ಆಸ್ಪತ್ರೆಗೆ ಬಾ ಎಂದೆ.

"ನಂದು ಇರ್ಲಿರಿ. ಶರಣಮ್ಮನ ಕೂಸು ಅಡ್ಡ ಬಿದ್ದದ. ಆಕೀನ್ನ ಇವತ್ತ ಒಯ್ರಿ."

ಕೇಳಿಕೊಂಡು ಶರಣಮ್ಮನ ಶೆಡ್ಡಿಗೆ ಹೋದೆ. ತುಂಬು ಬಸುರಿ, ಬೆಳಗಿನಿಂದ ಮರಳು ಹೊತ್ತು ಆಗಷ್ಟೇ ಬಂದು ಕೂತಿದ್ದಳು. ಅತ್ತೆ ಮಹದೇವಮ್ಮ ರೊಟ್ಟಿ ಬಡಿಯುತ್ತಿದ್ದಳು. ಹೊಟ್ಟೆ ಮುಟ್ಟಿ ನೋಡಿದರೆ ಮಗುವಿನ ತಲೆ ಬಲಪಕ್ಕೆಯಲ್ಲಿ ಸಿಕ್ಕಿತು. ರೊಟ್ಟಿ ಹಂಚಿನ ಮೇಲಿದ್ದಂತೆಯೇ ಇಬ್ಬರನ್ನೂ ಆಟೊದಲ್ಲಿ ಕೂರಿಸಿಕೊಂಡು ಹೊರಟೆ. ಆಸ್ಪತ್ರೆಯ ಬಾಗಿಲಲ್ಲೇ ನೀರಿನ ಚೀಲ ಒಡೆಯಿತು. ಶೆಡ್ಡಿನಲ್ಲಿ ಒಡೆದು, ಹೊಕ್ಕುಳಬಳ್ಳಿ ಮೊದಲು ಜಾರಿದ್ದರೆ ಮಗು ಉಳಿಯುತ್ತಿರಲಿಲ್ಲ. ಆಪರೇಷನ್ ಆಯಿತು. ಹೆಣ್ಣು. ತಾಯಿ ಮಗು ಚೆನ್ನಾಗಿದ್ದಾರೆ.

ಮರುದಿನ ವಾರ್ಡಿನಲ್ಲಿ ಮಹದೇವಮ್ಮ ನನ್ನ ಕೈ ಹಿಡಿದು ಅತ್ತಳು. ನನಗೆ ತಿಳಿಸಿದವಳು ನಿಮ್ಮ ಸಾಬವ್ವ ಎಂದೆ. ಆಕೆ ಕೈ ಬಿಟ್ಟಳು. ಯಾವ ಸಾಬವ್ವ ಎಂದು ಕೇಳಿದಳು. ಹರಿದ ಕಿವಿಯ ಗುರುತು ಹೇಳಿದೆ.

"ನಮ್ಮಕ್ಕರಿ ಆಕಿ," ಎಂದಳು. "ಸಾಸವಡದಾಗ ಕೆಲಸಕ್ಕಿದ್ದಾಗ ಜ್ವರ ಬಂದು ಸತ್ತಳ್ರಿ. ಹನ್ನೊಂದು ವರ್ಷ ಆತು. ನಲವತ್ತೆರಡು ಆಗಿತ್ತು ಆಕೀಗೆ. ಹೆಣದ ಮೈ ತೊಳೆಯುವಾಗ ನಮಗ ಗೊತ್ತಾತು, ಆಕಿ ಏನ್ ತಾಳಿಕೊಂಡಿದ್ದಳು ಅಂತ."

ಕಟ್ಟಡದ ಮೇಸ್ತ್ರಿಯನ್ನು ಕೇಳಿದೆ. ಆ ಹೆಸರಿನವರು ಅಲ್ಲಿ ಯಾರೂ ಕೆಲಸಕ್ಕಿಲ್ಲ. ನಾನು ತುಂಬಿದ ಹಾಳೆ ಮಾತ್ರ ಚೀಲದಲ್ಲೇ ಇತ್ತು: ನನ್ನ ಅಕ್ಷರ, ಕೆಳಗೆ ಗೆರೆಯಿಲ್ಲದ ಶಾಯಿಯ ಮಚ್ಚೆ. ಅದು ಯಾರದ್ದಾದರೂ ಆಗಿರಬಹುದು. ನನ್ನ ಮಾರ್ಗದರ್ಶಕರಾದ ಮಾರ್ತಾಂಡ ಸರ್, ಯಾರೋ ಸುಳ್ಳು ಹೆಸರು ಕೊಟ್ಟಿರಬೇಕು, ಆ ಹಾಳೆಯನ್ನು ಕೈಬಿಡು ಎಂದರು. ಸಂಶೋಧನೆಯಿಂದ ಕೈಬಿಟ್ಟೆ. ಹರಿದುಹಾಕಲು ಮನಸ್ಸು ಬರಲಿಲ್ಲ.

ಈಗ ಅರ್ಧ ಕಟ್ಟಿದ ಮನೆಗಳ ಮುಂದೆ ಹಾದುಹೋಗುವಾಗ ಹಗಲಲ್ಲೂ ತಲೆ ತಗ್ಗಿಸುತ್ತೇನೆ, ಅಮ್ಮ. ಒಳಗೆ ಇನ್ನೆಷ್ಟು ಜನ ಕೂತು ಕಾಯುತ್ತಿದ್ದಾರೋ ಎನಿಸುತ್ತದೆ.

ಅಪ್ಪನಿಗೆ ನಾನು ಆರಾಮಾಗಿದ್ದೇನೆಂದು ಹೇಳು.

ನಿನ್ನ ಮಗಳು,
ಪ್ರಣೀತಾ

ತಾ.ಕ.: ಒಂದು ಮಾತು ಬರೆಯಲು ಇಷ್ಟು ಹೊತ್ತು ಹೆದರಿದೆ. ಅಂದು ಎದ್ದು ಹೊರಟ ನನ್ನನ್ನು ಸಾಬವ್ವ ಮತ್ತೆ ಕರೆದಿದ್ದಳು. "ನಿಮ್ಮವ್ವನ್ನೂ ಒಮ್ಮೆ ನೋಡ್ರಿ, ಡಾಕ್ಟರ್ ಬಾಯಾರ. ಆಕೀದೂ ನನ್ನಂಗ ಅದ. ಯಾರಿಗೂ ಹೇಳಿಲ್ಲ." ನಿನ್ನ ಬಗ್ಗೆ ನಾನು ಅವಳಿಗೆ ಏನೂ ಹೇಳಿರಲಿಲ್ಲ. ಗುರುವಾರ ಮೊದಲನೇ ಬಸ್ಸಿಗೆ ಬರುತ್ತೇನೆ. ಏನೂ ಇಲ್ಲ ಎನ್ನಬೇಡ, ಅಮ್ಮ.