ಸಿಳ್ಳೆಗೆ ಕೂತ ಹಾಡು

ಗುರುವಾರ, ಮಧ್ಯಾಹ್ನ
ಸ್ಟುಡಿಯೋದ ಹೊರಗಿನ ಹರಕು ಸೋಫಾದಿಂದ

ನನ್ನ ಪುಟ್ಟಮ್ಮಣ್ಣಿಗೆ, ತಲೆಕೆಟ್ಟ ಅಮ್ಮನ ಮುತ್ತುಗಳು.

ಫೋನ್ ಮಾಡಿದರೆ ನೀನು ಸುತ್ತಿ ಬಳಸದೆ ಹೇಳಮ್ಮಾ ಅಂತೀಯ. ನನಗೆ ಅದೇ ಬರುವುದಿಲ್ಲ, ಅದಕ್ಕೇ ಈ ಕಾಗದ. ನಮ್ಮ ಬ್ಯಾಂಡಿನ ಹೊಸ ಆಲ್ಬಮ್ ಮುಗಿಯುತ್ತಾ ಬಂತು. ಉಳಿದಿರುವುದು ಒಂದೇ ಹಾಡು. ಅದರಿಂದ ನನ್ನ ತಲೆ ಗೊಂದಲದ ಗೂಡಾಗಿದೆ.

ನಮ್ಮ ಮುದುಕರ ಪಟಾಲಂ ನೀನು ನೋಡಬೇಕಿತ್ತು. ಬೇಸ್ ನುಡಿಸುವವನ ಮಂಡಿಗೆ ಪಟ್ಟಿ, ಕೀಬೋರ್ಡಿನವಳಿಗೆ ಎರಡೆರಡು ಕನ್ನಡಕ. ನಿನ್ನ ಡಬಡಬ ಮಾಮ, ಅಂದರೆ ನಮ್ಮ ಡ್ರಮ್ಮರ್ ಮಹಾಶಯ, ಜಗಳ ಶುರುವಾದರೆ ಸಾಕು, ಕಿವಿಯ ಯಂತ್ರ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ಒಂದು ಕಾಲಕ್ಕೆ ನಾವು ಬೇಕೆಂದೇ ಮೆಲ್ಲಗೆ ಹಾಡುತ್ತಿದ್ದೆವು. ಈಗ ಜೋರಾಗಿ ಹಾಡಲು ದಮ್ಮೇ ಇಲ್ಲ.

ನಮ್ಮ ಪದ್ಧತಿ ನಿನಗೆ ಗೊತ್ತು. ನಿಮ್ಮಪ್ಪ ಟ್ಯೂನನ್ನು ಸಿಳ್ಳೆ ಹೊಡೆದು ರೆಕಾರ್ಡ್ ಮಾಡುತ್ತಾರೆ, ನಾನು ಅದಕ್ಕೆ ಪದ ಕೂರಿಸುತ್ತೇನೆ. ಅವರು ಮನೆ ಬಿಟ್ಟ ಮೇಲೂ ಅದು ನಿಲ್ಲಲಿಲ್ಲ, ಮಾತು ಮಾತ್ರ ನಿಂತಿತು. ಅವರ ಸಿಳ್ಳೆ ನಿನ್ನ ಡಬಡಬ ಮಾಮನ ಕೈಯಲ್ಲಿ ಬರುತ್ತಿತ್ತು, ನನ್ನ ಪದ ಅವನ ಕೈಯಲ್ಲೇ ಹೋಗುತ್ತಿತ್ತು. ಅವರು ಸ್ಟುಡಿಯೋಗೆ ಬರುವ ದಿನ ನಾನು ಈ ಕಡೆ ತಲೆ ಹಾಕುವುದಿಲ್ಲ.

ಈ ಸಲದ ಸಿಳ್ಳೆಯೇ ಬೇರೆ ಥರ. ನಡುವೆ ಒಂದು ಕಡೆ ಉಸಿರು ಕಟ್ಟಿದಂತೆ ನಿಂತು, ಆಮೇಲೆ ಹೆದರಿ ಹೆದರಿ ಮುಂದುವರಿಯುತ್ತದೆ. ಅದನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ. ಈ ಮನುಷ್ಯ ನನ್ನನ್ನು ಏನೋ ಕೇಳುತ್ತಿದ್ದಾರೆ ಅನ್ನಿಸಿತು. ಮನೆಗೆ ಬಾ, ಸಿಟ್ಟು ಹಳೆಯದಾಯಿತು ಎಂಬ ಪದ ಹೇಳಿಮಾಡಿಸಿದ ಹಾಗೆ ಕೂತಿತು. ಹಾಡಿಯೂ ಬಿಟ್ಟೆ.

ನಿನ್ನೆ ನನ್ನ ದಿನ. ಆದರೂ ನಿಮ್ಮಪ್ಪ ಬಂದರು. ಎಷ್ಟೋ ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು, "ಟ್ಯೂನ್ ಮಾಡೋದು ಯಾವಾಗ ಕಲಿತೆ?" ಅಂತ. ನಿಮ್ಮದಲ್ವಾ ಅದು ಅಂದೆ. ಇಬ್ಬರೂ ಒಟ್ಟಿಗೆ ಮಾಮನ ಕಡೆ ತಿರುಗಿದೆವು. ಅವನ ಕೈ ಮೆಲ್ಲಗೆ ಕಿವಿಯ ಕಡೆ ಹೊರಟಿತು, ನಿಮ್ಮಪ್ಪ ಗಪ್ಪನೆ ಹಿಡಿದುಕೊಂಡರು.

ಸಿಳ್ಳೆ ಅವನದೇ! ಇನ್ನು ನನ್ನಲ್ಲಿ ಟ್ಯೂನ್ ಇಲ್ಲ, ಬ್ಯಾಂಡ್ ಮುಚ್ಚೋಣ ಎಂದು ನಿಮ್ಮಪ್ಪ ಅವನ ಹತ್ತಿರ ಹೇಳಿದ್ದರಂತೆ. ಅವನು ತಾನೇ ಸಿಳ್ಳೆ ಹೊಡೆದು, ನನಗೆ ಅವರದೆಂದೂ ಅವರಿಗೆ ನನ್ನದೆಂದೂ ಹೇಳಿಬಿಟ್ಟ. "ನೀವಿಬ್ರೂ ಹೇಗೂ ಮಾತಾಡಲ್ಲ, ಗೊತ್ತಾಗಲ್ಲ ಅನ್ಕೊಂಡೆ ಕಣಮ್ಮ" ಅಂದ. ಆ ಉಸಿರು ಕಟ್ಟಿದ್ದು? ಗಂಟಲಲ್ಲಿ ಕಫ ಅಂತೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಮ್ಮಪ್ಪ ನಗಲಿಲ್ಲ. "ಆ ಪದ ಟ್ಯೂನಿಗೆ ಬರೆದಿದ್ದಾ, ನಂಗಾ?" ಅಂತ ಕೇಳಿದರು. ಎಲ್ಲರ ಎದುರಿಗೆ ಏನೆನ್ನಲಿ? ಟ್ಯೂನಿಗೆ ಅಂದೆ. ಹಾಗಾದ್ರೆ ಸರಿ, ನಾಳೆ ನನ್ನ ಗಿಟಾರ್ ಮುಗಿಸ್ತೀನಿ, ಇದೇ ಕೊನೆ ಎಂದು ಹೊರಟೇಬಿಟ್ಟರು.

ಈಗ ಒಳಗೆ ನುಡಿಸುತ್ತಿದ್ದಾರೆ. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ, ನಾನು ಹೊರಗೆ. ಪದ ಬದಲಿಸುವುದಿದ್ದರೆ ಇವತ್ತೇ ಬದಲಿಸಿ ಎಂದು ರೆಕಾರ್ಡಿಂಗ್ ಹುಡುಗಿ ಹೇಳಿದ್ದಾಳೆ. ಅವರು ಹೊಡೆಯದ ಸಿಳ್ಳೆ ಕೇಳಿ ಅವರನ್ನು ಕರೆದರೆ ಅದು ಕರೆದಂತಾಗುತ್ತದೆಯೇ? ಅವರು ನಗಲಿಲ್ಲವಲ್ಲ, ಅದು ಸಿಟ್ಟೋ ಆಸೆಯೋ? ನನಗೊಂದೂ ತಿಳಿಯುತ್ತಿಲ್ಲ ಪುಟ್ಟೀ. ಅವರು ಹೋಗುವುದು ಮಾತ್ರ ನನಗೆ ಬೇಡ.

ಕೀಬೋರ್ಡಿನವಳು ನಿಮ್ಮ ಬೀದಿಗೇ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಭಾನುವಾರ ನಿಮ್ಮಪ್ಪ ನಿನ್ನಲ್ಲಿಗೆ ಬರುವ ಮೊದಲು ಓದಿಕೋ.

ಏನೂ ತೋಚದೆ ಕೂತಿರುವ
ನಿನ್ನ ಅಮ್ಮ

ಮ.ವಿ.: ಪದ ಬದಲಿಸಲಿಲ್ಲ. ಸಿಳ್ಳೆ ಕೇಳಿ ಹುಟ್ಟಿದ್ದೂ ಅಲ್ಲ ಅದು. ನಿಮ್ಮಪ್ಪ ಮನೆ ಬಿಟ್ಟ ವಾರವೇ ಬರೆದದ್ದು. ಆಮೇಲೆ ಬಂದ ಪ್ರತಿ ಟ್ಯೂನಿಗೂ ಕೂರಿಸಿ ನೋಡಿದೆ, ಯಾವುದಕ್ಕೂ ಕೂರಲಿಲ್ಲ. ಅವರು ಕೇಳಿದರೆ ಹೇಳು. ಕೇಳದಿದ್ದರೂ ಹೇಳು.