ಬಟನ್ ಅಡ್ಡ ಮಲಗಿತ್ತು

ಮಾರ್ಚ್ 3, ಮಂಗಳವಾರ

ಇವತ್ತು ಹನ್ನೊಂದು ನಾಯಿ. ಅಮ್ಯೂಸ್‌ಮೆಂಟ್ ಪಾರ್ಕ್ ಒಳಗೆ ಸಾಕುನಾಯಿ ಬಿಡಲ್ಲ, ಸಂಜೆವರೆಗೆ ಎಲ್ಲ ಗೇಟ್ ಹತ್ರದ ನಮ್ಮ ನಾಯಿ ರೂಮಿಗೇ. ಆರನೇ ಗೂಡಿನ ಪಗ್ ಜತೆ ಒಂದು ಸೂಟ್‌ಕೇಸ್ ಬಂತು. ಹೊದಿಕೆ, ಗೊಂಬೆ, ಎರಡು ಸ್ವೆಟರ್. ಯಜಮಾನ ಅದಕ್ಕೆ ಮೂರು ಸಲ ಟಾಟಾ ಮಾಡಿದ. ಹೆಂಡತಿ ಬಿಸಿಲಲ್ಲಿ ಕಾಯ್ತಾ ನಿಂತಿದ್ಲು.

ಅಕ್ಕನಿಗೆ ಹೇಳಿದ್ರೆ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಳು. ಪಾರ್ಕಿನ ಹೋಟೆಲ್‌ನಲ್ಲೇ ಅವಳಿಗೆ ಲಾಂಡ್ರಿ ಕೆಲಸ. "ನಿನ್ನ ಗಿರಾಕಿಗಳೇ ವಾಸಿ ಕಣೇ. ನನ್ನವರು ಬೆಡ್‌ಶೀಟಲ್ಲಿ ಶೂ ಒರೆಸ್ತಾರೆ."

ನಾಳೆ ರೈಡ್ ಡ್ಯೂಟಿ. ಸರ್ವಿಸ್ ನಾಯಿಗಳಿಗೆ ಮಾತ್ರ, ಅಂದ್ರೆ ಕಾಯಿಲೆಯವರ ನೆರವಿಗೆ ತರಬೇತಿ ಆದವಕ್ಕೆ, ಒಳಗೆ ಪರ್ಮಿಶನ್. ಅವುಗಳ ಒಡೆಯರು ರೈಡ್ ಹತ್ತಿ ಇಳಿಯೋವರೆಗೆ ನಾಯಿ ಹಿಡ್ಕೊಂಡು ನಿಲ್ಲೋದು. ಕಾಲು ನೋವು ಗ್ಯಾರಂಟಿ.

ಮಾರ್ಚ್ 4, ಸಂಜೆ 6

ಆದದ್ದು ಆದ ಹಾಗೇ ಬರೀತೀನಿ.

ನೀರಿನ ದೋಣಿ ರೈಡ್. ಹನ್ನೊಂದೂ ಇಪ್ಪತ್ತು. ಇಪ್ಪತ್ತರ ಹುಡುಗಿ, ಜತೆಗೆ ಕಂದು ಲ್ಯಾಬ್ರಡಾರ್. ಹೆಸರು ಬಟನ್. ಹುಡುಗಿಗೆ ಫಿಟ್ಸ್ ಅಂತೆ. ಬರೋ ಮುಂಚೆ ನಾಯಿಗೆ ಗೊತ್ತಾಗುತ್ತೆ, ಅದಕ್ಕೇ ತರಬೇತಿ. ತಾಯಿ ಟೋಪಿ ತರೋಕೆ ಕಾರಿಗೆ ಹೋಗಿದ್ರು. ಲೈನ್ ಮುಂದೆ ಸರೀತು. ಬಟನ್ ಹುಡುಗಿಯ ಪಾದದ ಮೇಲೆ ಅಡ್ಡ ಮಲಗಿಬಿಡ್ತು. ಜಪ್ಪಯ್ಯ ಅಂದ್ರೂ ಏಳಲಿಲ್ಲ. ಹಿಂದಿನವರು ಗೊಣಗಿದ್ರು. ಹುಡುಗಿ ಬಗ್ಗಿ ಅದನ್ನ ನೋಡಿದ್ಲು. ಆಮೇಲೆ ನನ್ನ ಮುಖ ನೋಡಿದ್ಲು.

"ನಾಟಕ ಇದರದ್ದು. ಎಳ್ಕೊಳ್ಳಿ ಆಂಟಿ. ಒಂದೇ ಒಂದು ರೌಂಡ್, ಅಮ್ಮ ಬರೋದ್ರೊಳಗೆ."

ಬಿಸ್ಕತ್ ತೋರಿಸಿದೆ. ಮೂಸಲೂ ಇಲ್ಲ. ಎಳೆದೆ. ಟೈಲ್ಸ್ ಮೇಲೆ ಉಗುರು ಕೆರೆದ ಸದ್ದು...

ದೋಣಿ ಸುತ್ತಿ ಬಂತು. ನಗ್ತಾ ಇಳಿದ್ಲು, ಪೂರ್ತಿ ಒದ್ದೆ. ಎರಡು ಹೆಜ್ಜೆ. ಬಿದ್ಲು. ತಲೆ ಕಬ್ಬಿಣದ ಮೆಟ್ಟಿಲ ಅಂಚಿಗೆ.

ಆಂಬುಲೆನ್ಸ್ ಹೋದ ಮೇಲೆ ಬಟನ್ ಕತ್ತಿನ ಕಾರ್ಡ್ ಓದಿದೆ. "ನಾನು ಅಡ್ಡ ಮಲಗಿದರೆ ಅವರನ್ನು ಕೂರಿಸಿ. ಹದಿನೈದು ನಿಮಿಷ ಏಳಲು ಬಿಡಬೇಡಿ."

ಮಾರ್ಚ್ 6

ಹುಡುಗಿ ಆಸ್ಪತ್ರೆಯಲ್ಲಿ ಹೋಗಿಬಿಟ್ಲು. ಬೆಳಿಗ್ಗೆ.

ಮ್ಯಾನೇಜರ್ ನನ್ನ ಹೇಳಿಕೆ ಟೈಪ್ ಮಾಡಿಸಿಯೇ ಇಟ್ಟಿದ್ರು. 'ನಾಯಿ ಯಾವ ಸೂಚನೆಯನ್ನೂ ನೀಡಲಿಲ್ಲ.' "ಇಷ್ಟೇ. ನಿನಗೂ ಒಳ್ಳೇದು, ಪಾರ್ಕಿಗೂ ಒಳ್ಳೇದು. ನಾಯಿ ಏನು ಬಂದು ಸಾಕ್ಷಿ ಹೇಳುತ್ತಾ?"

ಸಹಿ ಹಾಕಿದೆ.

ಮಾರ್ಚ್ 7

ತಾಯಿ ಬಟನ್‌ನ ಒಯ್ಯಲ್ಲ ಅಂದ್ರಂತೆ. "ಅದು ನನ್ನ ಕಣ್ಣಿಗೆ ಬೀಳಬಾರದು. ಅದನ್ನ ನಂಬಿ ಮಗಳನ್ನ ಬಿಟ್ಟು ಹೋದೆ." ಹದಿನೆಂಟಕ್ಕೆ ತರಬೇತಿ ಶಾಲೆಯವರು ಬರ್ತಾರೆ. ಅಲ್ಲಿವರೆಗೆ ಹನ್ನೆರಡನೇ ಗೂಡು. ನನ್ನ ಸುಪರ್ದಿ.

ಮಾರ್ಚ್ 11

ಊಟ ಮುಟ್ಟಲ್ಲ. ನೀರು ಮಾತ್ರ. ಬೊಗಳೋದೂ ಇಲ್ಲ. ಇವತ್ತು ಮನೆಗೆ ಹೊರಡೋಕೆ ಚೀಲ ತಗೊಂಡೆ — ಓಡಿ ಬಂದು ನನ್ನ ಪಾದದ ಮೇಲೆ ಅಡ್ಡ ಮಲಗ್ತು.

ಕೂತೆ. ಗಡಿಯಾರ ನೋಡ್ತಾ ಹದಿನೈದು ನಿಮಿಷ. ಏನೂ ಆಗಲಿಲ್ಲ. ಎದ್ದೆ. ಮತ್ತೆ ಮಲಗ್ತು.

ಮಾರ್ಚ್ 12

ಇವತ್ತೂ ಹಾಗೇ. ಡಾಕ್ಟರ ಹತ್ರ ಹೋಗಿ ಎಲ್ಲ ಟೆಸ್ಟ್ ಮಾಡಿಸ್ಕೊಂಡೆ. ನಾರ್ಮಲ್. "ನಿನಗೆ ಹಿಡಿದಿರೋದು ಭಯ ಕಣೇ," ಅಂದ್ಲು ಅಕ್ಕ. ಅವಳಿಗೂ ಪೂರ್ತಿ ಹೇಳಿಲ್ಲ.

ಬಚ್ಚಲಲ್ಲಿ ಬಕೆಟ್ ಎಳೆದೆ. ಟೈಲ್ಸ್ ಮೇಲೆ ಅದೇ ಸದ್ದು. ನೀರು ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟೆ.

ಮಾರ್ಚ್ 13

ತರಬೇತಿ ಶಾಲೆಯ ಮೇಷ್ಟ್ರು ಫೋನ್ ಮಾಡಿದ್ರು. ಅಡ್ಡ ಮಲಗೋದನ್ನ ಹೇಳಿದೆ. "ನಿಮಗೇನೂ ಆಗಿಲ್ಲ ತಾಯಿ. ಅವತ್ತು ಹೋದವಳು ವಾಪಸ್ ಬರಲಿಲ್ಲ. ಈಗ ಅದು ಯಾರನ್ನೂ ಹೋಗೋಕೆ ಬಿಡಲ್ಲ." ಆಮೇಲೆ, "ಒಳ್ಳೇ ನಾಯಿ. ಆದ್ರೆ ಫೇಲ್ ಅಂತ ಬರೀಬೇಕಾಗುತ್ತೆ. ಸೂಚನೆ ಕೊಡಲಿಲ್ಲವಲ್ಲ."

ನನ್ನ ಸಹಿ ವಿಷಯ ಹೇಳದೆ ಫೋನ್ ಇಟ್ಟೆ.

ಮಾರ್ಚ್ 17

ಇವತ್ತು ರಜೆ ಹಾಕಿ ಆ ತಾಯಿ ಮನೆಗೆ ಹೋದೆ. ಬಟನ್ ಜತೆ. ಯಾರನ್ನೂ ಕೇಳಲಿಲ್ಲ.

ಬಾಗಿಲು ತೆಗೆದವರು ನಾಯಿ ನೋಡಿ ಮುಚ್ಚೋಕೆ ಹೋದ್ರು. ಕೈ ಅಡ್ಡ ಇಟ್ಟೆ. "ಇದು ಹೇಳಿತ್ತಮ್ಮ. ಅಡ್ಡ ಮಲಗಿತ್ತು. ನಾನೇ ಎಳೆದೆ. ಸುಳ್ಳು ಸಹಿ ಹಾಕಿದೀನಿ."

ಹೊಡೀತಾರೆ ಅಂದ್ಕೊಂಡೆ. ಹೊಡೀಲಿಲ್ಲ. ಹೊಸ್ತಿಲ ಮೇಲೇ ಕುಸಿದು ಕೂತ್ರು. "ಎರಡು ವಾರ ಈ ಮೂಕಪ್ರಾಣಿಗೆ ಶಾಪ ಹಾಕಿದೀನಿ..." ಆಮೇಲೆ ನಿಧಾನಕ್ಕೆ ಕೇಳಿದ್ರು. "ಇದು ಮಲಗಿದ್ದು ಅವಳು ನೋಡಿದ್ಲಾ?"

ನಿಜ ನಾಲಿಗೆ ತುದಿಯಲ್ಲಿತ್ತು.

"ಇಲ್ಲಮ್ಮ. ಆ ಕಡೆ ತಿರುಗಿದ್ಲು. ದೋಣಿ ನೋಡ್ತಿದ್ಲು."

ಬೇಕು ಅಂತಲೇ ಹೇಳಿದೆ. ಮಗಳು ಗೊತ್ತಿದ್ದೂ ಹತ್ತಿದ್ಲು, ಅದೂ ಅಮ್ಮ ಬರೋದ್ರೊಳಗೆ ಅಂತ... ಅದನ್ನ ಎದೆಯಲ್ಲಿಟ್ಕೊಂಡು ಈ ಹೆಂಗಸು ಹೇಗೆ ಬಾಳಬೇಕು? ತಪ್ಪೆಲ್ಲ ನನ್ನ ತಲೆ ಮೇಲೇ ಇರಲಿ.

ಬಟನ್ ಅವರ ಕೈ ಮೂಸ್ತು. ಹಗ್ಗ ತಗೊಂಡ್ರು. ಒಳಗೆ ಹೋದ್ರು. ನನ್ನ ಕರೀಲಿಲ್ಲ.

ಮಾರ್ಚ್ 19

ಹೊಸ ಹೇಳಿಕೆ ಬರೆದುಕೊಟ್ಟೆ, ನನ್ನ ಕೈಬರಹದಲ್ಲೇ. ಹುಡುಗಿ ನೋಡಲಿಲ್ಲ ಅಂತ ಅಲ್ಲೂ ಬರೆದೆ. ಮ್ಯಾನೇಜರ್ ಎರಡು ಸಲ ಓದಿ, "ನಾಳೆಯಿಂದ ಬರಬೇಡ" ಅಂದ್ರು. ಶಾಲೆಯವರು ಬಟನ್ ಹೆಸರಿನ ಮುಂದಿನ 'ಫೇಲ್' ಹೊಡೆದುಹಾಕಿ, ಅದನ್ನ ಆ ತಾಯಿ ಹತ್ರಾನೇ ಬಿಟ್ಟಿದಾರಂತೆ.

ಅಕ್ಕ ಬೈಯಲಿಲ್ಲ. ತಟ್ಟೆ ತಂದು ಮುಂದಿಟ್ಟು, "ಮೊದಲು ಊಟ ಮಾಡು" ಅಂದ್ಲು.

ಮಾರ್ಚ್ 24, ಬೆಳಿಗ್ಗೆ 10

ತಾಯಿ ಫೋನ್. ಬಟನ್ ಊಟ ಶುರು ಮಾಡಿದೆಯಂತೆ, ಸ್ವಲ್ಪ ಸ್ವಲ್ಪ. ದನಿ ಮಾತ್ರ ಬೇರೆ ಥರ ಇತ್ತು. ಪಾರ್ಕಿನ ಫೋಟೊ ಕೌಂಟರಿನವರು ಮಗಳ ಫೋಟೊಗಳನ್ನ ಕಳಿಸಿದಾರೆ. ದೋಣಿ ಹತ್ತೋ ಕಡೆ ಕ್ಯಾಮೆರಾ ತಾನಾಗೇ ತೆಗೆಯುತ್ತೆ. ನನಗದು ನೆನಪೇ ಇರಲಿಲ್ಲ.

"ಒಂದರಲ್ಲಿ ನೀನೂ ಇದೀಯ. ಬಟನ್ ಅವಳ ಪಾದದ ಮೇಲಿದೆ."

ಹೂಂ ಅಂದೆ.

"ಅವಳು ಬಗ್ಗಿ ಅದನ್ನೇ ನೋಡ್ತಿದಾಳೆ."

ಫೋನ್ ಇನ್ನೊಂದು ಕಿವಿಗೆ ಇಟ್ಕೊಂಡೆ.

"ಇನ್ನೊಂದರಲ್ಲಿ ನಿನಗೇನೋ ಹೇಳ್ತಿದಾಳೆ. ಏನು ಹೇಳಿದ್ಲು? ನಾನು ಬೈಯಲ್ಲ. ಅದಾದ ಮೇಲೆ ಅವಳು ಯಾರ ಹತ್ರನೂ ಮಾತಾಡಿಲ್ಲ. ಆ ಮಾತು ನನಗೆ ಬೇಕು."

ಫೋನಲ್ಲಿ ಬೇಡ, ಬನ್ನಿ ಅಂದೆ. ಹೊರಟಿದಾರೆ.

10.40

ನಿಜಾನೇ ಹೇಳ್ತೀನಿ. ನಾಟಕ ಅಂದದ್ದು, ಒಂದೇ ಒಂದು ರೌಂಡ್ ಅಂದದ್ದು. ಅಷ್ಟು ಹೇಳಬಹುದು. ಆದ್ರೆ ಕೊನೇ ಎರಡು ಪದ... 'ಅಮ್ಮ ಬರೋದ್ರೊಳಗೆ'... ಅದನ್ನೂನಾ? ಕೇಳ್ತಿರೋದೇ ಅಮ್ಮ. ಬಚ್ಚಿಟ್ರೆ ಮುಖ ನೋಡಿ ಕಂಡುಹಿಡೀತಾರೆ. ಹೇಳಿದ್ರೆ

ಗೇಟ್ ಸದ್ದು. ಬಟನ್ ಮುಂದೆ. ಹಿಂದೆ ಅವರು, ಕೈಯಲ್ಲಿ ಆ ಫೋಟೊ.